ಅತ್ತೆಯ ಪರದೆಯಲ್ಲಿದ್ದ ರಾಜರು

ಅತ್ತೆ ಗ್ರಿಮ್ಸ್‌ಬಿ ಊರಿನಲ್ಲಿರುವ ತಂಗಿಯ ಮನೆಯಿಂದ ಹಿಂತಿರುಗುವಷ್ಟರಲ್ಲಿ ನಮ್ಮ ಮನೆಯ ಮುಂದಿನ ಕೋಣೆಯನ್ನು ಇಪ್ಪತ್ತನೆಯ ಶತಮಾನಕ್ಕೆ ತಂದು ನಿಲ್ಲಿಸದಿದ್ದರೆ ನನ್ನ ಹೆಸರು ಹಂಫ್ರಿ ಡಾಬ್ಸನ್ ಅಲ್ಲ! ಸಾವಿರದ ಒಂಬೈನೂರ ಅರವತ್ತಾರರ ವಸಂತದಲ್ಲಿ, ಬೆಂದ ಮೊಟ್ಟೆಯ ನೆತ್ತಿಯನ್ನು ಚಮಚದಿಂದ ಒಡೆಯುತ್ತ ನಾನು ಈ ಘೋಷಣೆ ಹೊರಡಿಸಿದೆ. ಕಿಟಕಿಯಾಚೆ ಡ್ಯಾಫೊಡಿಲ್ ಹೂಗಳು ಗಾಳಿಗೆ ತಲೆಯಾಡಿಸಿದವು. ಒಪ್ಪಿಗೆಯೆಂದೇ ತಿಳಿದುಕೊಂಡೆ.

ನನ್ನ ಹೆಂಡತಿ ಮೇವಿಸ್ ಮಾತ್ರ ತಲೆಯಾಡಿಸಲಿಲ್ಲ.

"ಏನು ಬೇಕಾದ್ರೂ ತೆಗಿ, ಆ ಹಸಿರು ಪರದೆಗಳನ್ನ ಮಾತ್ರ ಅಮ್ಮನ್ನ ಕೇಳ್ದೆ ಮುಟ್ಬೇಡ," ಎಂದಳು.

"ಯುದ್ಧ ಮುಗಿದು ಇಪ್ಪತ್ತು ವರ್ಷದ ಮೇಲಾಯ್ತು ಮೇವಿಸ್! ವಿಮಾನ ನೋಡುತ್ತೆ ಅಂತ ಹಾಕಿದ ಪರದೆ. ಈಗ ಅದು ತಡೀತಿರೋದು ಬರೀ ಬಿಸಿಲನ್ನ!"

"ಅಮ್ಮನಿಗೆ ಅದರ ಮೇಲೆ ಪ್ರೀತಿ."

"ಅಮ್ಮನಿಗೆ ಹೊಸದರ ಮೇಲೂ ಪ್ರೀತಿ ಹುಟ್ಟುತ್ತೆ. ಕಾಲ ಕೊಡಬೇಕು ಅಷ್ಟೆ."

ಆ ಶನಿವಾರ ಚರ್ಚಿನ ಸಭಾಂಗಣದಲ್ಲಿ ಹಳೆ ಸಾಮಾನಿನ ಮಾರಾಟವಿತ್ತು. ಮೇವಿಸ್ ತರಕಾರಿಗೆ ಹೋದ ಹೊತ್ತು ನೋಡಿ ನಾನು ಕುರ್ಚಿ ಹತ್ತಿದೆ, ಪರದೆಗಳನ್ನು ಇಳಿಸಿದೆ, ಹೆಗಲ ಮೇಲೆ ಹಾಕಿಕೊಂಡು ಹೊರಟೆ. ಅಬ್ಬಾ, ಏನು ಭಾರ! ಬೀದಿಯ ಕೊನೆಗೆ ಬರುವಷ್ಟರಲ್ಲಿ ಸೊಂಟ ಬಿಲ್ಲಾಗಿತ್ತು. "ಹಳೆಯ ಕಾಲದ ಮಖಮಲ್ಲು ಅಂದರೆ ಹೀಗಿರಬೇಕು," ಎಂದು ಬೆವರು ಒರೆಸಿಕೊಳ್ಳುತ್ತ ನನ್ನನ್ನು ನಾನೇ ಹೊಗಳಿಕೊಂಡೆ. ದೇವರ ಕೆಲಸಕ್ಕೆ ಹಗುರವಾದದ್ದನ್ನು ಕೊಡುವುದೇ?

ಅತ್ತೆ ಬಂದರು. ನಮ್ಮ ಡಾರ್ಕಸ್ ಅತ್ತೆ ನೋಡಲು ಗುಬ್ಬಚ್ಚಿಯಷ್ಟಿದ್ದರೂ ಅವರು ಕೋಣೆಗೆ ಕಾಲಿಟ್ಟರೆ ಕುರ್ಚಿಗಳೂ ನೆಟ್ಟಗೆ ಕೂರುತ್ತವೆ. ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತು ಕಿಟಕಿ ನೋಡಿದರು. ಅಲ್ಲಿ ನಾನು ಹಾಕಿದ್ದ ಕಿತ್ತಳೆ ಬಣ್ಣದ ಹೊಸ ನೈಲಾನ್ ಪರದೆ ಕುಣಿಯುತ್ತಿತ್ತು.

"ನನ್ನ ಪರದೆ ಎಲ್ಲಪ್ಪಾ ಹಂಫ್ರಿ?"

"ಚರ್ಚಿಗೆ ಕೊಟ್ಟೆ ಅತ್ತೆ! ಎರಡೂವರೆ ಶಿಲಿಂಗಿಗೆ ಹೋಯಿತಂತೆ. ಪುಣ್ಯ ಎಲ್ಲ ನಿಮಗೇ!"

ಅತ್ತೆ ಮೆಲ್ಲಗೆ ಕುಳಿತರು. ಮೇವಿಸ್ ನೀರು ತಂದಳು. ಅವರು ಲೋಟವನ್ನು ಪಕ್ಕಕ್ಕೆ ಸರಿಸಿ ಮಗಳ ಕೈ ಹಿಡಿದುಕೊಂಡರು.

"ಮೇವಿಸ್, ನಿನ್ನ ಅಂಗಡಿ ಹೋಯ್ತು ಕಣೆ."

ಈ ಅಂಗಡಿಯ ವಿಷಯ ಹೇಳಲೇಬೇಕು. ಸಂತೆ ಚೌಕದ ಮೂಲೆಯಲ್ಲಿ ಚಮ್ಮಾರರ ಹಳೆಯ ಅಂಗಡಿಯೊಂದು ಖಾಲಿ ಬಿದ್ದಿತ್ತು. ಅಲ್ಲಿ ಬಟ್ಟೆ, ದಾರ, ಗುಂಡಿ ಇಟ್ಟುಕೊಂಡು ಪರದೆ ಹೊಲಿದುಕೊಡಬೇಕೆಂಬುದು ಮೇವಿಸ್‌ಳ ಬಹುಕಾಲದ ಆಸೆ. ಬೇರೆ ಹೆಂಗಸರು ಆಭರಣದಂಗಡಿಯ ಮುಂದೆ ನಿಲ್ಲುವಂತೆ ಇವಳು ಆ ಧೂಳು ಹಿಡಿದ ಗಾಜಿನ ಮುಂದೆ ನಿಲ್ಲುತ್ತಿದ್ದಳು. ತಿಂಗಳ ಕೊನೆಯೊಳಗೆ ಮುಂಗಡ ಕೊಡದಿದ್ದರೆ ಅಂಗಡಿ ಮೀನು ಹುರಿಯುವವನ ಪಾಲು. "ನಾನು ಗ್ರಿಮ್ಸ್‌ಬಿಯಿಂದ ಬಂದ ಮೇಲೆ ಏನಾದರೂ ಮಾಡೋಣ," ಎಂದಿದ್ದರು ಅತ್ತೆ. ನಾನು ಮಾತ್ರ, "ನೀನು ಅಂಗಡಿಯಲ್ಲಿ ಕೂತರೆ ಮನೆಯಲ್ಲಿ ಚಹಾ ಯಾರು ಮಾಡ್ತಾರೆ?" ಎಂಬ ಮೂಲಭೂತ ಪ್ರಶ್ನೆಯನ್ನು ಎತ್ತಿ ಗಂಡನ ಕರ್ತವ್ಯ ಮುಗಿಸಿದ್ದೆ.

"ಪರದೆಗೂ ಅಂಗಡಿಗೂ ಏನು ಸಂಬಂಧ ಅತ್ತೆ?"

"ಅದರ ಅಂಚಿನಲ್ಲಿ ನನ್ನ ಸವರನ್‌ಗಳಿದ್ವು."

"ಸವರನ್... ಅಂದರೆ... ಚಿನ್ನದ?"

"ಇಲ್ಲ, ಬೆಲ್ಲದ್ದು! ಪರದೆ ನೆಟ್ಟಗೆ ಬೀಳಲಿ ಅಂತ ಎಲ್ಲರೂ ಅಂಚಿಗೆ ಸೀಸದ ಬಿಲ್ಲೆ ಹಾಕಿ ಹೊಲೀತಾರೆ. ನಲವತ್ತನೇ ಇಸವೀಲಿ ನಾನು ಸವರನ್ ಹಾಕಿ ಹೊಲಿದೆ. ಜರ್ಮನ್ನರು ಬಂದಿದ್ರೆ ಹಾಸಿಗೆ ಹರೀತಿದ್ರು, ನೆಲ ಅಗೀತಿದ್ರು, ಪರದೆ ಯಾರು ನೋಡ್ತಿದ್ರು? ಹಿಟ್ಲರನ ಕೈಗೂ ಸಿಗಬಾರದು ಅಂತ ಇಟ್ಟಿದ್ದೆ ಕಣಪ್ಪಾ. ಅಳಿಯನ ಕೈಗೆ ಸಿಕ್ತು!"

ನನ್ನ ಕಿವಿಯಲ್ಲಿ ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದವು. ಕಾರಣ ಎರಡು. ಪರದೆ ಹೋಯಿತಲ್ಲ ಎಂಬುದು ಒಂದು. ಅದಕ್ಕಿಂತ ಭಯಂಕರವಾದದ್ದು ಇನ್ನೊಂದು. ಆ ವಸಂತದಲ್ಲಿ ಸರ್ಕಾರ ಹೊಸ ಕಾನೂನು ತಂದಿತ್ತು. ಸಾವಿರದ ಎಂಟುನೂರ ಮೂವತ್ತೇಳರ ನಂತರ ಅಚ್ಚಾದ ಚಿನ್ನದ ನಾಣ್ಯ ಒಬ್ಬೊಬ್ಬರ ಬಳಿ ನಾಲ್ಕಕ್ಕಿಂತ ಹೆಚ್ಚು ಇರಕೂಡದು! ಊರಿನ ಬ್ಯಾಂಕಿನಲ್ಲಿ ಉಪ ಖಜಾಂಚಿಯಾದ ನಾನು ಈ ಕಾನೂನನ್ನು ಕೌಂಟರಿನಲ್ಲಿ ನಿಂತು, ತೋರುಬೆರಳೆತ್ತಿ, ಮುದುಕಿಯರನ್ನೂ ಬಿಡದೆ ಎಲ್ಲರಿಗೂ ಬೋಧಿಸುತ್ತಿದ್ದೆ. "ನಾಲ್ಕು! ಐದನೆಯದು ಅಪರಾಧ!"

"ಎಷ್ಟಿದ್ವು ಅತ್ತೆ?" ಎಂದೆ.

"ಪರದೆ ಅಗಲ ನೋಡಿದ್ಯಲ್ಲ. ಒಂದೊಂದು ಗೇಣಿಗೆ ಒಂದು."

ನಾನೂ ಕುಳಿತುಕೊಂಡೆ. ಅವರಿಗೆ ತಂದ ನೀರನ್ನು ನಾನು ಕುಡಿದೆ.

ಪರದೆ ಯಾರು ಕೊಂಡರೆಂದು ವಿಚಾರಿಸಲು ಹೋದ ಮೇವಿಸ್ ಮುಖ ಬಿಳಿಚಿಕೊಂಡು ಬಂದಳು. ಬೇರೆ ಯಾರಾದರೂ ಆಗಿದ್ದರೆ! ಹಾಲಿನವನ ಹೆಂಡತಿ, ಅಂಚೆಯವನ ಅಕ್ಕ, ಯಾರಾದರೂ! ಕೊಂಡವರು ಮಿಸೆಸ್ ಥೋರಲ್ಡ್, ನಮ್ಮ ಬ್ಯಾಂಕಿನ ಮ್ಯಾನೇಜರರ ಪತ್ನಿ! ಪರದೆಗಳು ಆಗಲೇ ಮ್ಯಾನೇಜರರ ಹಜಾರದ ಕಿಟಕಿಯಲ್ಲಿ ರಾಜಗಾಂಭೀರ್ಯದಿಂದ ಇಳಿಬಿದ್ದಿದ್ದವು.

"ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಎಂದಳು ಮೇವಿಸ್. "ಅವರೂ ಹೆಂಗಸು, ಅರ್ಥ ಮಾಡ್ಕೋತಾರೆ."

"ಹುಚ್ಚಿ! ನನ್ನ ಕೆಲಸ ಹೋಗುತ್ತೆ! ಪಿಂಚಣಿ ಹೋಗುತ್ತೆ! ಕಾನೂನು ಬೋಧಿಸೋನ ಮನೆಯಲ್ಲೇ ಗೇಣಿಗೊಂದು ಚಿನ್ನ ಅಂದ್ರೆ ಥೋರಲ್ಡ್ ಏನಂದಾರು?"

"ಹಾಗಾದ್ರೆ ನನ್ನ ಅಂಗಡಿ?"

ಅವಳು ಅಳಲಿಲ್ಲ. ಅಳುವುದನ್ನು ತಡೆದು ಮೇಜಿನ ಮೇಲಿನ ಚೂರುಗಳನ್ನು ಅಂಗೈಯಿಂದ ಒಟ್ಟುಗೂಡಿಸಿದಳು. ನಾನು ಕರಗಿಹೋದೆ.

"ನಿನ್ನ ಅಂಗಡಿ ನನ್ನ ಜವಾಬ್ದಾರಿ!" ಎಂದು ಎದ್ದು ನಿಂತೆ. "ನನ್ನ ಬಳಿ ಒಂದು ಉಪಾಯವಿದೆ."

"ಅಯ್ಯೋ ದೇವರೇ," ಎಂದರು ಅತ್ತೆ.

ಉಪಾಯ ಸರಳವಾಗಿತ್ತು. ಬರುವ ಭಾನುವಾರ ಸಂಜೆ ಥೋರಲ್ಡ್ ಮನೆಗೆ ಚಹಾಕ್ಕೆ ಹೋಗುವುದು. ಅತ್ತೆ ಮಿಸೆಸ್ ಥೋರಲ್ಡರನ್ನು ಮಾತಿಗೆಳೆಯುವುದು. ಮೇವಿಸ್ ಮ್ಯಾನೇಜರರನ್ನು ಅವರ ಪ್ರಿಯ ವಿಷಯಕ್ಕೆ, ಅಂದರೆ ಹಳೆಯ ನಾಣ್ಯಗಳ ಚರಿತ್ರೆಗೆ, ಹಚ್ಚಿಬಿಡುವುದು. ಆ ವಿಷಯಕ್ಕೆ ಬಿದ್ದರೆ ಆತನಿಗೆ ಮನೆಗೆ ಬೆಂಕಿ ಬಿದ್ದರೂ ತಿಳಿಯದು. ಅಷ್ಟರಲ್ಲಿ ನಾನು ತೋಟ ನೋಡುವ ನೆಪದಲ್ಲಿ ಪರದೆಯ ಹಿಂದೆ ಸರಿದು, ಉಗುರು ಕತ್ತರಿಯಿಂದ ಹೊಲಿಗೆ ಬಿಚ್ಚಿ, ನಾಣ್ಯಗಳನ್ನು ಜೇಬಿಗಿಳಿಸುವುದು. ಮಹಾ ದಂಡನಾಯಕರೂ ಇಂಥ ಯೋಜನೆ ಹಾಕಿರಲಿಕ್ಕಿಲ್ಲ!

ಭಾನುವಾರ ಎಲ್ಲವೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ನಡೆಯಿತು. ಸೌತೆಕಾಯಿ ಸ್ಯಾಂಡ್‌ವಿಚ್ ಬಂದವು. ಕಸ್ಟರ್ಡಿನ ದೊಡ್ಡ ಬಟ್ಟಲು ಬಂತು. ಅತ್ತೆ ತಮ್ಮ ಮಂಡಿನೋವಿನ ಕತೆಯನ್ನು ಹಿಂದಿನ ಶತಮಾನದಿಂದ ಶುರುಮಾಡಿದರು. ಮೇವಿಸ್ ಕೇಳಿದಳು: "ಮಿಸ್ಟರ್ ಥೋರಲ್ಡ್, ಸವರನ್‌ಗಿಂತ ಮುಂಚೆ ಏನಿತ್ತು?"

ಮ್ಯಾನೇಜರರ ಮುಖ ದೀಪ ಹಚ್ಚಿದಂತಾಯಿತು.

"ಗಿನಿ ಇತ್ತಮ್ಮಾ, ಗಿನಿ! ಆಫ್ರಿಕದ ಗಿನಿ ತೀರದ ಚಿನ್ನ, ಅದಕ್ಕೇ ಆ ಹೆಸರು. ಮೊದಲು ಇಪ್ಪತ್ತು ಶಿಲಿಂಗಿಗೆ ಅಂತ ಹೊಡೆದರು, ಚಿನ್ನದ ಬೆಲೆ ಏರಿ ಇಳಿದು ಕೊನೆಗೆ ಇಪ್ಪತ್ತೊಂದಕ್ಕೆ ನಿಂತಿತು. ಈಗಲೂ ನೋಡಿ, ದೊಡ್ಡ ವೈದ್ಯರು, ವಕೀಲರು ಗಿನಿ ಲೆಕ್ಕದಲ್ಲೇ ಕೇಳ್ತಾರೆ. ನಾಣ್ಯ ಸತ್ತು ನೂರೈವತ್ತು ವರ್ಷವಾದ್ರೂ ಆ ಒಂದು ಶಿಲಿಂಗ್ ಬಿಡೋಕೆ ಅವರಿಗೆ ಮನಸ್ಸಿಲ್ಲ!"

"ಸವರನ್ ಯಾವಾಗ ಬಂತು?"

"ನೆಪೋಲಿಯನ್ನನ ಯುದ್ಧ ಮುಗಿದ ಮೇಲೆ. ಸರಿಯಾಗಿ ಒಂದು ಪೌಂಡ್. ಹಿಂಬದಿಯಲ್ಲಿ ಸಂತ ಜಾರ್ಜ್ ಕುದುರೆ ಮೇಲೆ ಕೂತು ಡ್ರ್ಯಾಗನ್ನನ್ನು ಕೊಲ್ತಿದ್ದಾನೆ..."

"ಮೈಮೇಲೆ ಬಟ್ಟೆ ಇಲ್ಲದೆ," ಎಂದು ನಡುವೆ ಬಾಯಿ ಹಾಕಿದರು ಅತ್ತೆ. "ತಲೆಗೊಂದು ಶಿರಸ್ತ್ರಾಣ, ಹೆಗಲಿಗೊಂದು ಚೂರು ಬಟ್ಟೆ. ನಮ್ಮ ಕಡೆ ಗಾಳೀಲಿ ನಿಂತಿದ್ರೆ ಡ್ರ್ಯಾಗನ್ ಬೇಕಿರಲಿಲ್ಲ, ನೆಗಡೀನೇ ಸಾಕಿತ್ತು!"

ಎಲ್ಲರೂ ನಕ್ಕರು. ಆ ನಗುವಿನ ಮರೆಯಲ್ಲಿ ನಾನು ಪರದೆಯ ಹಿಂದೆ ಸೇರಿಕೊಂಡೆ.

ಮಂಡಿಯೂರಿದೆ. ಅಂಚನ್ನು ತಡವಿದೆ. ಇದ್ದವು! ಮಡಿಕೆಯೊಳಗೆ ಒಂದೊಂದು ಪುಟ್ಟ ಚೀಲ, ಒಂದೊಂದರಲ್ಲೂ ತಣ್ಣಗೆ ಮಲಗಿದ ಒಂದು ದುಂಡು ಬಿಲ್ಲೆ. ಒಂದು ಕ್ಷಣ ಕತ್ತರಿ ಹಿಡಿದ ಕೈ ನಿಂತಿತು. ಬಾಂಬು ಬೀಳುತ್ತಿದ್ದ ಕಾಲದಲ್ಲಿ, ಸಣ್ಣ ಬೆಳಕಿನಲ್ಲಿ ಒಬ್ಬ ಹೆಂಗಸು ಇಷ್ಟು ಒತ್ತೊತ್ತಾದ ಹೊಲಿಗೆ ಹಾಕಿದ್ದಾಳೆ. ಒಂದೊಂದು ಹೊಲಿಗೆಯೂ ನಾಳೆ ಎಂಬುದು ಇದ್ದೇ ಇರುತ್ತದೆ ಎಂದು ಹೇಳುವಂತಿತ್ತು. ಕಣ್ಣು ತೇವವಾಯಿತು. ಆದರೆ ಕಳ್ಳನಿಗೆ ಕಣ್ಣೀರಿಗೆಲ್ಲಿ ಪುರುಸೊತ್ತು? ಕತ್ತರಿಸಿದೆ. ಅತ್ತೆಯ ಹೊಲಿಗೆ ಜಗ್ಗಲಿಲ್ಲ. ಎಳೆದೆ. ಜಗ್ಗಲಿಲ್ಲ. ಹಲ್ಲಿನಿಂದ ಕಚ್ಚಿದೆ!

ಆಗಲೇ ಮ್ಯಾನೇಜರರ ಧ್ವನಿ ಹತ್ತಿರ ಬಂತು. "ನನ್ನ ಗಡಿಯಾರದ ಸರಪಣಿಯಲ್ಲಿ ಒಂದು ಸವರನ್ ಇದೆ. ಕಿಟಕಿ ಹತ್ತಿರ ಬನ್ನಿ, ಬೆಳಕಿನಲ್ಲಿ ತೋರಿಸ್ತೀನಿ."

ಪರದೆ ಸರಿಯಿತು. ಬಾಯಲ್ಲಿ ಪರದೆಯ ಅಂಚು ಕಚ್ಚಿಕೊಂಡು, ನಾಲ್ಕು ಕಾಲಿನ ಮೇಲೆ ನಿಂತಿದ್ದ ತಮ್ಮ ಉಪ ಖಜಾಂಚಿಯನ್ನು ಮಿಸ್ಟರ್ ಥೋರಲ್ಡ್ ಮೇಲಿನಿಂದ ನೋಡಿದರು.

"ಡಾಬ್ಸನ್?"

ನಾನು ಗೌರವದಿಂದ ಎದ್ದು ನಿಲ್ಲಲು ಹೋದೆ. ಅಭ್ಯಾಸ ಬಲ! ಆದರೆ ಅಂಚು ಹಲ್ಲಿನಲ್ಲಿತ್ತು, ಪರದೆ ಹೆಗಲ ಮೇಲಿತ್ತು, ಒಂದು ಕಾಲು ಪರದೆಯ ಮಡಿಕೆಯ ಮೇಲಿತ್ತು. ಮೇಲೆ ಎಲ್ಲೋ ಕಿರ್ ಎಂದಿತು. ಕಂಬಿ ಗೋಡೆಯನ್ನು ಬಿಟ್ಟಿತು. ಹಸಿರು ಮಖಮಲ್ಲಿನ ಆಕಾಶವೇ ನನ್ನ ಮೇಲೆ ಬಿತ್ತು. ಅದರೊಳಗಿಂದ ಹೊರಬರಲು ನಾನು ಒದ್ದಾಡಿದ್ದೇ ತಡ, ಇಪ್ಪತ್ತಾರು ವರ್ಷ ಜಗ್ಗದಿದ್ದ ಹೊಲಿಗೆ ಒಮ್ಮೆಲೇ ಪರ್ ಎಂದು ಬಿಚ್ಚಿಕೊಂಡಿತು!

ಟಣ್! ಟಣ್! ಟಿಣ್! ಸಂಜೆಯ ಬಿಸಿಲು ಬರಿಯ ಕಿಟಕಿಯಿಂದ ನುಗ್ಗಿ ಬಂದಿತ್ತು. ಆ ಬಿಸಿಲಿನಲ್ಲಿ ಚಿನ್ನದ ನಾಣ್ಯಗಳು ಹಾರಿದವು, ಉರುಳಿದವು, ಪಿಯಾನೋ ಕೆಳಗೆ ಓಡಿದವು. ಒಂದು ಮ್ಯಾನೇಜರರ ಚಹಾ ಬಟ್ಟಲಿಗೆ ಬಿತ್ತು. ಇನ್ನೊಂದು ಕಸ್ಟರ್ಡಿನ ಮೇಲೆ ಬಿದ್ದು, ಕ್ಷಣ ಯೋಚಿಸಿ, ನಿಧಾನವಾಗಿ ಮುಳುಗಿತು.

"ಇವು ಯಾರವು?" ಎಂದರು ಥೋರಲ್ಡ್.

"ನಮ್ಮಮ್ಮನವು," ಎಂದು ಮೇವಿಸ್ ಎಲ್ಲವನ್ನೂ ಹೇಳಿಬಿಟ್ಟಳು. ಪರದೆ, ಯುದ್ಧ, ಅಂಗಡಿ, ಮೀನು ಹುರಿಯುವವನು, ನಾನು. ನಾನು ಬರುವ ಭಾಗವನ್ನು ಇನ್ನಷ್ಟು ಚಿಕ್ಕದಾಗಿ ಹೇಳಬಹುದಿತ್ತು.

"ಪರದೆ ನನ್ನದು," ಎಂದರು ಮಿಸೆಸ್ ಥೋರಲ್ಡ್ ಮೆಲ್ಲಗೆ. "ದುಡ್ಡು ಕೊಟ್ಟು ತಗೊಂಡಿದ್ದೀನಿ."

ಮೇವಿಸ್ ತಲೆ ತಗ್ಗಿಸಲಿಲ್ಲ. "ಹೌದಮ್ಮಾ. ನಾಣ್ಯಾನೂ ನಿಮ್ಮದೇ ಅಂದ್ರೆ ನಾನು ಒಂದು ಮಾತೂ ಆಡೋದಿಲ್ಲ. ಆದ್ರೆ ನೀವು ಎತ್ತಿಟ್ಟುಕೊಳ್ಳೋದು ನಾಣ್ಯ ಅಲ್ಲ, ನನ್ನ ಅಂಗಡಿ ಅಂತ ನಿಮಗೆ ಗೊತ್ತಿರಲಿ."

"ಅದಕ್ಕೂ ಮೊದಲು ಕಾನೂನು!" ಎಂದರು ಥೋರಲ್ಡ್. "ಡಾಬ್ಸನ್, ಆರಿಸು."

ಆರಿಸಿದೆ. ಪಿಯಾನೋ ಕೆಳಗೆ ಹೊಟ್ಟೆಯ ಮೇಲೆ ತೆವಳಿ ಆರಿಸಿದೆ. ಥೋರಲ್ಡ್ ಭೂತಗನ್ನಡಿ ತಂದು ಒಂದೊಂದೇ ಮುಖ ನೋಡತೊಡಗಿದರು. ನನ್ನ ಪಿಂಚಣಿ, ಮೇವಿಸ್‌ಳ ಅಂಗಡಿ ಎಲ್ಲವೂ ಆ ಗಾಜಿನಡಿ ಮಲಗಿದ್ದವು.

"ನಾಲ್ಕನೇ ಜಾರ್ಜ್!" ಎಂದರು. "ಇದಕ್ಕೆ ಕಾನೂನಿಲ್ಲ, ಮೂವತ್ತೇಳಕ್ಕಿಂತ ಹಳೆಯದು. ಇದು... ನಾಲ್ಕನೇ ವಿಲಿಯಂ! ಇದಕ್ಕೂ ಇಲ್ಲ. ಜಾರ್ಜ್. ವಿಲಿಯಂ. ಅಮ್ಮಾ, ಇವು ಎಲ್ಲಿ ಸಿಕ್ಕವು ನಿಮಗೆ?" ಅವರು ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡರು. "ಸಾಮಾನ್ಯ ಸವರನ್‌ಗೆ ಚಿನ್ನದ ಬೆಲೆ ಅಷ್ಟೆ. ಇವಕ್ಕೆ ಸಂಗ್ರಾಹಕರು ಜಗಳ ಆಡ್ತಾರೆ!"

"ನಮ್ಮ ತಾತನವು," ಎಂದರು ಅತ್ತೆ. "ದವಸದ ವ್ಯಾಪಾರಿ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದಾಗ, 'ಹದಿನೆಂಟರ ಹುಡುಗಿ ಮುಖ ಇರೋ ದುಡ್ಡು ಎಷ್ಟು ದಿನ ನಡೆದೀತು?' ಅಂತ ಹಳೆ ರಾಜರನ್ನೆಲ್ಲ ಎತ್ತಿಟ್ಟ. ಆಮೇಲೆ ಅವಳೇ ಅವನನ್ನ ಮಣ್ಣು ಮಾಡೋ ತನಕ ಆಳಿದಳು."

ನನಗೆ ರೆಕ್ಕೆ ಬಂದಂತಾಯಿತು. ಅಷ್ಟರಲ್ಲಿ ಥೋರಲ್ಡರ ಭೂತಗನ್ನಡಿ ಒಂದು ನಾಣ್ಯದ ಮೇಲೆ ನಿಂತಿತು. "ಇದು ವಿಕ್ಟೋರಿಯಾ. ಒಂದು." ಮತ್ತೆ ಜಾರ್ಜ್. ಮತ್ತೆ ವಿಕ್ಟೋರಿಯಾ, ಎರಡು. ಇನ್ನೊಂದು ವಿಕ್ಟೋರಿಯಾ, ಮೂರು. ಚಹಾ ಬಟ್ಟಲಿನಿಂದ ತೆಗೆದದ್ದು ನಾಲ್ಕು.

"ನಾಲ್ಕು! ಕಾನೂನಿನೊಳಗೆ!" ಎಂದು ನಾನು ಕುಣಿದೇಬಿಟ್ಟೆ.

"ಕಸ್ಟರ್ಡಿನಲ್ಲಿ ಒಂದಿದೆ," ಎಂದರು ಮಿಸೆಸ್ ಥೋರಲ್ಡ್.

ಅವರು ಚಮಚ ಇಳಿಸಿದರು. ಕೆದಕಿದರು. ಎತ್ತಿದರು. ಥೋರಲ್ಡ್ ಕರವಸ್ತ್ರದಿಂದ ಒರೆಸಿದರು. ಜಾರ್ಜ್ ಆಗಿರಲಿ ದೇವರೇ! ಬೋಳು ವಿಲಿಯಂ ಆದರೂ ಆಗಲಿ! ಹಳದಿ ಕಸ್ಟರ್ಡಿನ ನಡುವಿನಿಂದ, ತಲೆಗೂದಲಿಗೆ ಪಟ್ಟಿ ಕಟ್ಟಿಕೊಂಡ ಚೆಂದದ ಹುಡುಗಿಯೊಬ್ಬಳು ನನ್ನನ್ನು ಕಡೆಗಣ್ಣಿನಿಂದಲೂ ನೋಡದೆ ಮೂಡಿಬಂದಳು.

"ವಿಕ್ಟೋರಿಯಾ," ಎಂದರು ಥೋರಲ್ಡ್. "ಐದು."

ನಾನು ಗೋಡೆಗೆ ಒರಗಿದೆ. ಅತ್ತೆ ಮಾತ್ರ ಕಸ್ಟರ್ಡ್ ಚಪ್ಪರಿಸುತ್ತಲೇ ಕೇಳಿದರು: "ಕಾನೂನು ಮನೆಗೆ ನಾಲ್ಕು ಅನ್ನುತ್ತೋ, ತಲೆಗೆ ನಾಲ್ಕೋ?"

"ತಲೆಗೆ," ಎಂದರು ಥೋರಲ್ಡ್.

ಅತ್ತೆ ಆ ನಾಣ್ಯವನ್ನೆತ್ತಿ ಮೇವಿಸ್‌ಳ ಅಂಗೈಯಲ್ಲಿಟ್ಟರು. "ತಗೋ ಮಗಳೇ, ನಿನಗೆ. ಮುಗೀತಲ್ಲ?"

ಒಬ್ಬೊಬ್ಬರಿಗೆ ನಾಲ್ಕು ಎಂದು ಕೌಂಟರಿನಲ್ಲಿ ಬೆರಳೆತ್ತಿ ಸಾರುತ್ತಿದ್ದವನು ನಾನು! ನಮ್ಮ ಮನೆಯಲ್ಲಿ ತಲೆಗಳು ಮೂರಿವೆ ಎಂಬುದು ನನಗೆ ಹೊಳೆದಿರಲಿಲ್ಲ. ಎರಡೇ ಇವೆ ಎಂದು ಅತ್ತೆಯ ನೋಟ ಹೇಳುತ್ತಿತ್ತು.

ಆಗ ಥೋರಲ್ಡರಿಗೆ ಇನ್ನೊಂದು ಸತ್ಯ ಹೊಳೆದು ಮುಖದ ಬಣ್ಣ ಇಳಿಯಿತು. "ಹಾಗಾದ್ರೆ ಇಷ್ಟು ದಿನ ಈ ಐದೂ... ನನ್ನ ಕಿಟಕಿಯಲ್ಲಿ... ಸರಪಣಿಯದೂ ಸೇರಿ ಆರು..." ಎಂದು ಬಾಗಿಲ ಕಡೆ ನೋಡಿದರು. "ಪ್ರಿಯೆ, ಇವನ್ನೆಲ್ಲ ಇವರು ಈಗಲೇ ತಗೊಂಡು ಹೋಗಲಿ!"

"ನಾನು ಕೊಂಡದ್ದು ಪರದೆ ಕಣಮ್ಮಾ, ರಾಜರನ್ನಲ್ಲ," ಎಂದು ಮಿಸೆಸ್ ಥೋರಲ್ಡ್ ಮೇವಿಸ್‌ಳ ಕೈ ಹಿಡಿದರು. "ಆದ್ರೆ ನನ್ನ ಪರದೆ ಮೊದಲಿನ ಹಾಗೇ ನೆಟ್ಟಗೆ ಬೀಳ್ಬೇಕು. ಸೀಸ ಹಾಕಿ ಹೊಲಿದುಕೊಡು. ಕೂಲಿ ಕೊಡ್ತೀನಿ, ನಿನ್ನ ಮೊದಲ ಗಿರಾಕಿ ನಾನೇ. ನೀನು ಮೊದಲೇ ಬಂದು ಕೇಳಿದ್ದಿದ್ರೆ ನನ್ನ ಕಂಬಿಯೂ ಉಳೀತಿತ್ತು."

ಮೇವಿಸ್ ನನ್ನತ್ತ ನೋಡಿದಳು. ಏನೂ ಹೇಳಲಿಲ್ಲ. ಅದನ್ನು ನಾನು ಇಂದಿಗೂ ಕೇಳಿಸಿಕೊಳ್ಳುತ್ತಿದ್ದೇನೆ.

ಲಿಂಕನ್ ಪೇಟೆಯ ಹಳೆ ನಾಣ್ಯಗಳ ವ್ಯಾಪಾರಿ ಹಳೆಯ ರಾಜರಿಗೆ ನಾವು ಊಹಿಸಿದ್ದಕ್ಕಿಂತ ಚೆನ್ನಾಗಿ ಕೊಟ್ಟ. ಮೀನು ಹುರಿಯುವವನು ಬೇರೆ ಬೀದಿ ನೋಡಿಕೊಂಡ. ಚೌಕದ ಮೂಲೆಯ ಗಾಜು ಒರೆಸಿದ ದಿನ ಅದರಲ್ಲಿ ಆಕಾಶ ಕಂಡಿತು. ಒಳಗೆ ಬಣ್ಣ ಬಣ್ಣದ ದಾರದ ಉಂಡೆಗಳ ನಡುವೆ ನನ್ನ ಮೇವಿಸ್ ನಿಂತಿದ್ದಳು. ಅವಳು ಇಷ್ಟು ಎತ್ತರವೆಂದು ನಾನು ಮೊದಲು ಗಮನಿಸಿರಲೇ ಇಲ್ಲ.

ಆದರೂ ಕಾನೂನಿನ ಮನುಷ್ಯ ನಾನು. ಒಂದು ಸಂಜೆ ಅತ್ತೆಯನ್ನು ನೇರವಾಗಿ ಕೇಳಿದೆ. "ಅತ್ತೆ, ನಿಜ ಹೇಳಿ. ಇನ್ನೆಲ್ಲಾದರೂ ಬಚ್ಚಿಟ್ಟಿದ್ದೀರಾ?"

ಅತ್ತೆ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಇದ್ರೂ ನೀನು ಹೆದರ್ಬೇಡಪ್ಪ. ಈ ಮನೆಯಲ್ಲಿ ನೀನು ಇದುವರೆಗೆ ಕೈಯಿಡದ ಜಾಗದಲ್ಲಿರುತ್ತೆ."

ಕೈಯಿಡದ ಜಾಗ! ಮರುದಿನವೇ ಶೋಧ ಆರಂಭ. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ನೋಡಿದೆ. ನೋಡಿದವನು ಸುಮ್ಮನೆ ಏಕೆಂದು ಪಾತ್ರೆಗಳನ್ನೂ ತೊಳೆದೆ. ಆಲೂಗಡ್ಡೆ ಬುಟ್ಟಿಯ ತಳ ಕಾಣಲು ಆಲೂಗಡ್ಡೆ ಸುಲಿದೆ. ಬಟ್ಟೆ ಕುದಿಸುವ ಹಂಡೆ, ಇಸ್ತ್ರಿ ಹಲಗೆ, ಧೂಳಿನ ಬುಟ್ಟಿ, ಮೆಟ್ಟಿಲ ಹಾಸು, ಒಂದನ್ನೂ ಬಿಡಲಿಲ್ಲ. ಮೇವಿಸ್ ಅಂಗಡಿಯಿಂದ ಬರುವಷ್ಟರಲ್ಲಿ ಚಹಾ ಡಬ್ಬಿಯ ತಳ ಪರೀಕ್ಷಿಸುವ ನೆಪದಲ್ಲಿ ಚಹಾವೂ ಸಿದ್ಧವಾಗಿರುತ್ತಿತ್ತು. ಬೇಸಿಗೆ ಕಳೆಯಿತು. ಚಿನ್ನ ಸಿಗಲಿಲ್ಲ. ಭರವಸೆ ಬಿಡಲಿಲ್ಲ.

ಕೊನೆಗೆ ತಾಳಲಾರದೆ ಮೇವಿಸ್‌ಗೆ ಗುಟ್ಟು ಹೇಳಿದೆ. ಅವಳು ನಗುತ್ತ ನಗುತ್ತ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಅಮ್ಮನ ಹತ್ರ ಇನ್ನು ಒಂದೂ ಇಲ್ಲ ಹಂಫ್ರಿ! ಕೊನೇದು ನನ್ನ ಹೊಲಿಗೆ ಯಂತ್ರಕ್ಕೆ ಹೋಯ್ತು!"

ನಾನು ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ಮುಂದಿನ ಕೋಣೆಗೆ ನುಗ್ಗಿದೆ. "ಅತ್ತೆ! ಏನಿದು?"

ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ಪ್ರೀತಿಯಿಂದಲೇ ನೋಡಿದರು.

"ಒಲೆ ಹಿಂದೆ ನೋಡಿದ್ಯಾ?"

"ನೋಡಿದೆ!"

"ಇನ್ನೊಂದು ಸಲ ನೋಡಪ್ಪಾ," ಎಂದರು. "ಅಲ್ಲಿ ಸ್ವಲ್ಪ ಜಿಡ್ಡು ಉಳಿದಿದೆ."